ಶ್ರೀಮತಿ ಗ್ರೇಸ್ ಹಾಪರ್ ಅವರ ಚರಿತ್ರೆ

ಗಣಕಯಂತ್ರಕ್ಕೆ ಮನುಷ್ಯರ ಮಾತನ್ನು ಕಲಿಸಿದವರಲ್ಲಿ ಅಗ್ರಗಣ್ಯರಾದ ಶ್ರೀಮತಿ ಗ್ರೇಸ್ ಹಾಪರ್ ಅವರು 1906ನೆಯ ಇಸವಿ ಡಿಸೆಂಬರ್ 9ನೆಯ ತಾರೀಖು ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದ ಬಾಲಕಿಯಾಗಿದ್ದಾಗಲೇ ಮನೆಯ ಗಡಿಯಾರಗಳನ್ನು ಬಿಚ್ಚಿ ಒಳಗಿನ ಚಕ್ರಗಳನ್ನು ಪರೀಕ್ಷಿಸಿದರು. ವಾಸರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1928ರಲ್ಲಿ ಪದವಿಯನ್ನೂ, ಯೇಲ್ ವಿಶ್ವವಿದ್ಯಾನಿಲಯದಿಂದ 1934ರಲ್ಲಿ ಗಣಿತದ ಡಾಕ್ಟರ್ ಪದವಿಯನ್ನೂ ಪಡೆದು, ತಾವು ಕಲಿತ ಕಾಲೇಜಿನಲ್ಲಿಯೇ ಉಪಾಧ್ಯಾಯಿನಿಯಾಗಿದ್ದರು. ಎರಡನೆಯ ಮಹಾಯುದ್ಧವು ನಡೆಯುತ್ತಿರಲು, ವಯಸ್ಸು ಮೀರಿದ್ದರೂ, ದೇಹದ ತೂಕವು ನಿಯಮಕ್ಕೆ ಸಾಲದಿದ್ದರೂ, ವಿಶೇಷ ಅನುಮತಿಯಿಂದ 1943ರಲ್ಲಿ ನೌಕಾಪಡೆಯನ್ನು ಸೇರಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 1 ಎಂಬ ಗಣಕಯಂತ್ರದ ಕೆಲಸಕ್ಕೆ ನೇಮಕವಾದರು.

ಆ ಕಾಲದ ಯಂತ್ರಗಳು ಅಂಕಿಗಳನ್ನಲ್ಲದೆ ಬೇರೇನನ್ನೂ ತಿಳಿಯುತ್ತಿರಲಿಲ್ಲ. ಒಂದು ಲೆಕ್ಕಕ್ಕಾಗಿ ಬರೆದ ಸೂಚನೆಗಳನ್ನು ಮತ್ತೊಂದಕ್ಕೆ ಕೈಯಿಂದ ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದುವು. ಇದನ್ನು ಕಂಡ ಹಾಪರ್ ಅವರು 1952ರಲ್ಲಿ ಎ-0 ಎಂಬ ಕಂಪೈಲರನ್ನು ರಚಿಸಿದರು. ಸಿದ್ಧವಾದ ಸೂಚನೆಗಳ ತುಂಡುಗಳಿಗೆ ಒಂದೊಂದು ಸಂಖ್ಯೆಯನ್ನಿತ್ತು ಟೇಪಿನಲ್ಲಿ ಇಟ್ಟರೆ, ಬೇಕಾದುದನ್ನು ಯಂತ್ರವೇ ಹುಡುಕಿ ತಂದು ಜೋಡಿಸಿಕೊಳ್ಳುತ್ತಿತ್ತು. ಯಂತ್ರವು ಲೆಕ್ಕ ಮಾಡಬಲ್ಲುದೇ ಹೊರತು ಇಂತಹ ಕೆಲಸವನ್ನು ಮಾಡಲಾರದೆಂದು ಬಲ್ಲವರೇ ಹೇಳುತ್ತಿದ್ದುದರಿಂದ ಇದನ್ನು ಮೊದಲು ಯಾರೂ ಆದರಿಸಲಿಲ್ಲ. ಅವರು ಧೈರ್ಯಗೆಡದೆ, ಇಂಗ್ಲಿಷ್ ಪದಗಳಿಂದಲೇ ಯಂತ್ರಕ್ಕೆ ಆಜ್ಞೆ ಕೊಡುವ ಕ್ರಮವನ್ನು ಸಾಧಿಸಿದರು. ಫ್ರೆಂಚ್ ಮತ್ತು ಜರ್ಮನ್ ಪದಗಳಿಂದಲೂ ಅದೇ ಕೆಲಸವು ನಡೆಯುವುದೆಂದು ಮೇಲಧಿಕಾರಿಗಳಿಗೆ ತೋರಿಸಿದಾಗ ಅವರು ಬೆಚ್ಚಿದರಂತೆ! ಈ ಪ್ರಯತ್ನವೇ 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ತಳಹದಿಯಾಯಿತು.

ಅವರು ತೋರಿಸಿದ ಜೋಡಣೆಯು ಇಂದು ಬಹು ದೂರ ಸಾಗಿದೆ. ಒಂದೇ ಕಾರ್ಯದಲ್ಲಿ ಗಣಿತದ ಭಾಗವನ್ನು ಫೋರ್ಟ್ರಾನ್ ಭಾಷೆಯಲ್ಲಿಯೂ ಉಳಿದುದನ್ನು ಸಿ ಭಾಷೆಯಲ್ಲಿಯೂ ಬರೆಯಬಹುದು. ಪ್ರತಿಯೊಂದು ಭಾಷೆಯನ್ನೂ ಅದರದರ ಕಂಪೈಲರು ಯಂತ್ರದ ಸಂಕೇತಕ್ಕೆ ಇಳಿಸುತ್ತದೆ. ಬಳಿಕ ಲಿಂಕರ್ ಎಂಬುದು ಎರಡನ್ನೂ ಒಂದುಗೂಡಿಸುತ್ತದೆ. ಆದರೆ ಕರೆಯುವ ಹೆಸರು, ಕೊಡುವ ವಸ್ತುಗಳ ಕ್ರಮ, ಅವುಗಳ ಅಳತೆ, ಇವುಗಳಲ್ಲಿ ಮೊದಲೇ ಒಪ್ಪಂದವಿರಬೇಕು. ಅಂಕಿಗಳ ಕೋಷ್ಟಕವನ್ನು ಸಿ ಭಾಷೆಯು ಅಡ್ಡಸಾಲುಗಳಾಗಿಯೂ ಫೋರ್ಟ್ರಾನ್ ಉದ್ದಸಾಲುಗಳಾಗಿಯೂ ಇಡುತ್ತದೆ. ಇದನ್ನು ಗಮನಿಸದಿದ್ದರೆ ಯಂತ್ರವು ನಿಲ್ಲದೆ ನಡೆದೂ ಉತ್ತರವು ತಪ್ಪಾದೀತು.

ಭಾಲ್ಕಿಯ ಪೇಟೆಯಲ್ಲಿ ಮರಾಠಿ ಆಡುವ ರೈತನೂ ಕನ್ನಡ ಆಡುವ ವರ್ತಕನೂ ತೊಗರಿಯ ವ್ಯಾಪಾರವನ್ನು ಸುಖವಾಗಿ ಮುಗಿಸುವುದು ತೂಕವೂ ರೂಪಾಯಿಯೂ ಇಬ್ಬರಿಗೂ ಒಂದೇ ಆಗಿರುವುದರಿಂದಲೇ. ಒಬ್ಬನು ಚೀಲವೆಂದೂ ಇನ್ನೊಬ್ಬನು ಕ್ವಿಂಟಲೆಂದೂ ಎಣಿಸಿದರೆ, ಇಬ್ಬರೂ ಸತ್ಯವಂತರಾದರೂ ನಷ್ಟವು ತಪ್ಪದು.

ಹಾಪರ್ ಅವರು 1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾಗಿ, 1992ರ ಜನವರಿ 1ರಂದು ನಿಧನ ಹೊಂದಿದರು. 2016ರಲ್ಲಿ ಅಮೆರಿಕಾ ಸರಕಾರವು ಅವರ ಸ್ಮರಣಾರ್ಥವಾಗಿ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿತು.

ಔರಾದ, ಭಾಲ್ಕಿ ಕಡೆಗಳಿಂದ ಬೀದರಿಗೆ ಓದಲು ಬರುವ ಬಾಲಕಿಯರಲ್ಲಿ ಕೆಲವರು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬಾಜಾರಿನಲ್ಲಿ ಉರ್ದು ಎಂದು ನಾಚಿ, ತರಗತಿಯಲ್ಲಿ ಬಾಯಿ ತೆರೆಯದೆ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಪ್ರಿಯ ವಿದ್ಯಾರ್ಥಿನಿಯರೇ, ಬಲ್ಲ ಭಾಷೆಗಳಲ್ಲಿ ಒಂದನ್ನೂ ಬಿಡಬೇಡಿರಿ. ಪ್ರತಿಯೊಂದನ್ನೂ ಶುದ್ಧವಾಗಿ ಕಲಿತು, ಯಾವುದು ಎಲ್ಲಿ ಸಲ್ಲುವುದೆಂಬುದನ್ನು ಅರಿತುಕೊಳ್ಳಿರಿ. ನಿಮ್ಮಲ್ಲಿ ಒಬ್ಬಳಾದರೂ ಈ ಮಹನೀಯರ ವಿದ್ಯೆಯನ್ನು ಮುಂದುವರಿಸಲೆಂದು ನಾವು ಹಾರೈಸುತ್ತೇವೆ.