ಕಚ್ಚಿದ ಸೇಬಿನ ಫಾರ್ವರ್ಡ್ ಮತ್ತು ಅಲನ್ ಟ್ಯೂರಿಂಗ್ ಅವರ ನಿಜವಾದ ಕತೆ

ಆಪಲ್ ಫೋನಿನ ಬೆನ್ನ ಮೇಲಿರುವ ಕಚ್ಚಿದ ಸೇಬು, ವಿಷ ಸವರಿದ ಸೇಬು ತಿಂದು ಸತ್ತ ಅಲನ್ ಟ್ಯೂರಿಂಗ್ ಎಂಬ ವಿಜ್ಞಾನಿಗೆ ಸಲ್ಲಿಸಿದ ಗೌರವವಂತೆ. ಈ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಓದಲು ಚೆನ್ನಾಗಿದೆ, ಮನಸ್ಸಿಗೂ ತಟ್ಟುತ್ತದೆ. ಆದರೆ ನಿಜವಲ್ಲ. 1977ರಲ್ಲಿ ಆ ಲೋಗೋ ಬಿಡಿಸಿದ ರಾಬ್ ಜಾನಫ್ ಅವರೇ ಇದನ್ನು ತಳ್ಳಿಹಾಕಿದ್ದಾರೆ. ಹಣ್ಣು ಚೆರ್ರಿಯಂತೆ ಕಾಣಬಾರದು, ಸೇಬೆಂದೇ ಗುರುತು ಸಿಗಬೇಕು ಎಂಬುದಷ್ಟೇ ಆ ಕಚ್ಚಿನ ಉದ್ದೇಶವಾಗಿತ್ತು.

ಹಾಗಾದರೆ ಟ್ಯೂರಿಂಗ್ ಅವರಿಗೂ ನಮ್ಮ ಕಂಪ್ಯೂಟರಿಗೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಲೋಗೋದಲ್ಲಿಲ್ಲ, ಕಂಪ್ಯೂಟರಿನ ಒಳಗಿದೆ. ಮನೆಯ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂದು ನಾಲ್ಕಾರು ವರ್ಚುವಲ್ ಮೆಷಿನ್‌ಗಳನ್ನು ನಡೆಸುತ್ತೇವಲ್ಲ, ಆ ಕೆಲಸದ ಬೇರು ಅವರ ಯೋಚನೆಯಲ್ಲಿದೆ.

ಬಳ್ಳಾರಿಯ ನಂಟು

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಬ್ರಿಟಿಷ್ ಸರ್ಕಾರದ ಐಸಿಎಸ್ ಅಧಿಕಾರಿ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಕರ್ನೂಲು ಜಿಲ್ಲೆಗಳಲ್ಲಿ ಕೆಲಸ ಮಾಡಿದವರು. ತಾಯಿ ಸಾರಾ ಅವರ ತಂದೆ ಎಡ್ವರ್ಡ್ ಸ್ಟೋನಿ ರೈಲ್ವೆ ಎಂಜಿನಿಯರ್, ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು. ಅಪ್ಪ ಅಮ್ಮ ಇಂಡಿಯಾದಲ್ಲಿ, ಮಕ್ಕಳು ಇಂಗ್ಲೆಂಡಿನಲ್ಲಿ ಬೇರೆಯವರ ಆಶ್ರಯದಲ್ಲಿ. ಅಲನ್ ಮತ್ತು ಅಣ್ಣ ಜಾನ್ ಬೆಳೆದದ್ದು ಹೀಗೆ.

1926ರಲ್ಲಿ ಹೊಸ ಶಾಲೆ ಸೇರಬೇಕಿದ್ದ ದಿನ ದೇಶವಿಡೀ ಮುಷ್ಕರ, ರೈಲಿರಲಿಲ್ಲ. ಹುಡುಗ ಸುಮಾರು 97 ಕಿಲೋಮೀಟರ್ ಸೈಕಲ್ ತುಳಿದು ಶಾಲೆ ಮುಟ್ಟಿದ.

ಯಾವ ಯಂತ್ರವೂ ಆಗಬಲ್ಲ ಯಂತ್ರ

1936ರಲ್ಲಿ, 23ರ ಹರೆಯದಲ್ಲಿ, ಟ್ಯೂರಿಂಗ್ ಒಂದು ಪ್ರಬಂಧ ಬರೆದರು. ಗಣಿತದ ಯಾವುದೇ ಹೇಳಿಕೆ ಸಾಧಿಸಲಾಗುವಂಥದ್ದೋ ಅಲ್ಲವೋ ಎಂದು ತೀರ್ಮಾನಿಸುವ ಒಂದು ಸಿದ್ಧ ವಿಧಾನ ಇರಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ತೋರಿಸಲು ಅವರು ಕಾಗದದ ಮೇಲೆ ಒಂದು ಯಂತ್ರ ಕಲ್ಪಿಸಿಕೊಂಡರು. ಉದ್ದನೆಯ ಪಟ್ಟಿ, ಅದರಲ್ಲಿ ಚೌಕಗಳು. ಯಂತ್ರ ಒಂದೊಂದೇ ಚೌಕ ಓದುತ್ತದೆ, ಅಳಿಸುತ್ತದೆ, ಬರೆಯುತ್ತದೆ. ಅಷ್ಟೇ.

ದೊಡ್ಡ ಮಾತು ಮುಂದಿದೆ. ಬೇರೊಂದು ಯಂತ್ರದ ವಿವರವನ್ನೇ ಪಟ್ಟಿಯ ಮೇಲೆ ಬರೆದುಕೊಟ್ಟರೆ, ಈ ಯಂತ್ರ ಅದರಂತೆಯೇ ನಡೆದುಕೊಳ್ಳಬಲ್ಲದು ಎಂದು ಅವರು ತೋರಿಸಿದರು. ವರ್ಚುವಲ್ ಮೆಷಿನ್ ಮಾಡುವುದೂ ಇದನ್ನೇ. ಹಾಗೆಂದು ಅದನ್ನು ಕಂಡುಹಿಡಿದವರು ಟ್ಯೂರಿಂಗ್ ಎಂದು ಫಾರ್ವರ್ಡ್ ಮಾಡಬೇಡಿ. ಅದನ್ನು ಬಳಕೆಗೆ ತಂದವರು 1960ರ ದಶಕದ ಐಬಿಎಂ ಎಂಜಿನಿಯರುಗಳು.

ಟ್ಯೂರಿಂಗ್ ಒಮ್ಮೆ ತಾವೇ ಯಂತ್ರವಾದದ್ದೂ ಉಂಟು. ಅವರು ಗೆಳೆಯನ ಜೊತೆ ಸೇರಿ ಚೆಸ್ ಆಡುವ ಪ್ರೋಗ್ರಾಂ ಬರೆದಿದ್ದರು. 1952ರಲ್ಲಿ ಕಾಗದ ಪೆನ್ಸಿಲ್ ಹಿಡಿದು ಅದರ ಒಂದೊಂದು ನಿಯಮವನ್ನೂ ಕೈಯಲ್ಲೇ ಲೆಕ್ಕ ಹಾಕಿ ಆಡಿದರು. ಒಂದು ನಡೆಗೆ ಸುಮಾರು ಅರ್ಧ ಗಂಟೆ ಹಿಡಿಯಿತು. ಆಟ ಸೋತರು.

ನಿಮ್ಮ ಮನೆಯ ಕಂಪ್ಯೂಟರಿಗೆ ಇದರ ಪಾಠ

ಟ್ಯೂರಿಂಗ್ ಅವರ ಪಟ್ಟಿಗೆ ಕೊನೆಯಿರಲಿಲ್ಲ, ನಮ್ಮ ಕಂಪ್ಯೂಟರಿನ ರ್‍ಯಾಮ್‌ಗೆ ಇದೆ. ಆದ್ದರಿಂದ ದುಡ್ಡು ಹಾಕುವ ಮೊದಲು, ಒಂದೇ ಹೊತ್ತಿಗೆ ಎಷ್ಟು ವರ್ಚುವಲ್ ಮೆಷಿನ್ ನಡೆಯಬೇಕು ಎಂದು ಬರೆದುಕೊಳ್ಳಿ. ಮೂರಕ್ಕೆ ತಲಾ 8 ಜಿಬಿ ಎಂದರೆ 24, ಮೂಲ ಕಂಪ್ಯೂಟರಿಗೆ ಇನ್ನೊಂದು 8, ಒಟ್ಟು 32 ಜಿಬಿ ಬೇಕು. ಪ್ರೊಸೆಸರ್ ಕೋರ್‌ಗಳನ್ನು ಸರದಿಯಲ್ಲಿ ಹಂಚಿಕೊಳ್ಳಬಹುದು. ರ್‍ಯಾಮ್ ಹಾಗಲ್ಲ, ಅದು ಸಾಲದೆ ಹೋದರೆ ಎಲ್ಲವೂ ಒಟ್ಟಿಗೆ ತೆವಳತೊಡಗುತ್ತವೆ. ಹಲವು ಯಂತ್ರಗಳು ಒಮ್ಮೆಲೇ ಓದಿ ಬರೆಯುವುದರಿಂದ ಹಳೆಯ ಹಾರ್ಡ್ ಡಿಸ್ಕ್‌ಗಿಂತ ಎಸ್‌ಎಸ್‌ಡಿ ಮೇಲು. ಸಾಮಾನ್ಯ ಕೆಲಸಕ್ಕೆ ದುಬಾರಿ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಬಯಾಸ್ ಸೆಟ್ಟಿಂಗ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿದೆಯೇ ಎಂದು ಮಾತ್ರ ನೋಡಿ.

ಇನ್ನೊಂದು ತಪ್ಪು ನಂಬಿಕೆ: ವರ್ಚುವಲ್ ಮೆಷಿನ್ ಒಳಗೆ ಯಾವ ವೈರಸ್ ತೆರೆದರೂ ಏನೂ ಆಗದು ಎಂಬುದು. ಅಪಾಯ ಕಡಿಮೆ, ನಿಜ. ಆದರೆ ಶೇರ್ಡ್ ಫೋಲ್ಡರ್, ಮನೆಯ ನೆಟ್‌ವರ್ಕ್ ಅಥವಾ ಸಾಫ್ಟ್‌ವೇರಿನ ದೋಷದ ಮೂಲಕ ಅದು ಹೊರಗೆ ಬರಬಹುದು.

ಯುದ್ಧ ಮತ್ತು ನಂತರ

ಎರಡನೇ ಮಹಾಯುದ್ಧದಲ್ಲಿ ಟ್ಯೂರಿಂಗ್ ಒಬ್ಬರೇ ಜರ್ಮನಿಯ ಎನಿಗ್ಮಾ ಗುಪ್ತಲಿಪಿಯನ್ನು ಬಿಡಿಸಿದರು ಎಂಬುದೂ ಅರ್ಧ ಸತ್ಯ. 1932ರಲ್ಲೇ ಪೋಲೆಂಡಿನ ಗಣಿತಜ್ಞರು ಅದರೊಳಗೆ ದಾರಿ ಕಂಡಿದ್ದರು. ಟ್ಯೂರಿಂಗ್ ಅವರು ಬ್ಲೆಚ್ಲಿ ಪಾರ್ಕ್‌ನಲ್ಲಿ ರೂಪಿಸಿದ ಬಾಂಬ್ ಎಂಬ ಯಂತ್ರವನ್ನು ಗೋರ್ಡನ್ ವೆಲ್ಚ್‌ಮನ್ ಇನ್ನಷ್ಟು ಚುರುಕುಗೊಳಿಸಿದರು. ಅಲ್ಲಿ ದುಡಿದ ಸಾವಿರಾರು ಜನರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಗುಟ್ಟಾಗಿದ್ದರಿಂದ ದಶಕಗಳ ಕಾಲ ಯಾರೂ ಬಾಯಿಬಿಡಲಿಲ್ಲ.

1952ರಲ್ಲಿ ಟ್ಯೂರಿಂಗ್ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಡಲು ಹೋದಾಗ ಒಬ್ಬ ಗಂಡಸಿನ ಜೊತೆ ಅವರಿಗಿದ್ದ ಸಂಬಂಧ ಹೊರಬಿತ್ತು. ಆಗ ಇಂಗ್ಲೆಂಡಿನಲ್ಲಿ ಅದು ಅಪರಾಧ. ಜೈಲು ತಪ್ಪಿಸಿಕೊಳ್ಳಲು ಅವರು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತಲಿಪಿ ಕೆಲಸದ ಬಾಗಿಲೂ ಮುಚ್ಚಿತು.

1954ರ ಜೂನ್ 7ರಂದು, 41ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಾಸಿಗೆಯ ಪಕ್ಕ ಅರ್ಧ ತಿಂದ ಸೇಬಿತ್ತು. ಸಯನೈಡ್‌ನಿಂದಾದ ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ಆದರೆ ಆ ಸೇಬಿನಲ್ಲಿ ವಿಷವಿತ್ತೇ ಎಂದು ಯಾರೂ ಪರೀಕ್ಷಿಸಲೇ ಇಲ್ಲ. ಮನೆಯಲ್ಲೇ ಅವರದೊಂದು ಪುಟ್ಟ ಪ್ರಯೋಗಾಲಯವಿತ್ತು, ಲೋಹಕ್ಕೆ ಲೇಪ ಹಾಕಲು ಸಯನೈಡ್ ಬಳಸುತ್ತಿದ್ದರು. ಇದು ಆಕಸ್ಮಿಕ ಎಂದೇ ತಾಯಿ ಕೊನೆಯವರೆಗೂ ನಂಬಿದ್ದರು.

2009ರಲ್ಲಿ ಬ್ರಿಟಿಷ್ ಸರ್ಕಾರ ಕ್ಷಮೆ ಕೇಳಿತು. 2013ರಲ್ಲಿ ರಾಣಿ ಕ್ಷಮಾದಾನ ಕೊಟ್ಟರು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ಬ್ರಿಟಿಷರು ನಮಗೂ ಅಂಥದ್ದೇ ಕಾನೂನು ಬಿಟ್ಟುಹೋಗಿದ್ದರು. 377ನೇ ಸೆಕ್ಷನ್ ಅಡಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ಮುಂದಿನ ಸಲ ಆ ಸೇಬಿನ ಸಂದೇಶ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಟ್ಯೂರಿಂಗ್ ಅವರಿಗೆ ಗೌರವ ಸಲ್ಲಬೇಕೆಂಬ ಅವರ ಆಸೆ ಸರಿಯಾದದ್ದೇ. ಲೋಗೋದ ಕತೆ ಸುಳ್ಳು ಎಂದು ತಿಳಿಸಿ, ಜೊತೆಗೆ ಈ ಬದುಕಿನ ಕತೆಯನ್ನೂ ಹೇಳಿ.