ಪಿತ್ತಕೋಶದ ವೈದ್ಯ ಕಾರ್ಲ್ ಲಾಂಗನ್‌ಬುಕ್

ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತೆನ್ನುವುದು ಕನ್ನಡಿಗರ ರೂಢಿ. ಬೀದರ ಸೀಮೆಯ ನಮ್ಮ ಬಗದಲಿನಲ್ಲಿಯೂ ತಲೆ ಸುತ್ತಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ. ಪಿತ್ತರಸವನ್ನು ಕೂಡಿಡುವ ಸಣ್ಣ ಚೀಲದ ವಿಚಾರವನ್ನಾಗಲಿ, ಅದರೊಳಗೆ ಹುಟ್ಟುವ ಕಲ್ಲಿನ ವಿಚಾರವನ್ನಾಗಲಿ ನಾವು ನೋವು ಬಂದಾಗಲಲ್ಲದೆ ನೆನೆಯುವುದಿಲ್ಲ. ಆ ಚೀಲವನ್ನೇ ತೆಗೆದು ರೋಗಿಯನ್ನು ಉಳಿಸಬಹುದೆಂದು ತೋರಿಸಿಕೊಟ್ಟ ವೈದ್ಯನ ಬಾಳು ಸಾಹಿತ್ಯದ ಅಧ್ಯಾಪಕನಾದ ನನಗೂ ಹೇಳತಕ್ಕದ್ದೆನಿಸಿದೆ.

ಕಾರ್ಲ್ ಲಾಂಗನ್‌ಬುಕ್ 1846ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಜನಿಸಿದನು. ವೈದ್ಯ ವ್ಯಾಸಂಗವನ್ನು ಅಲ್ಲಿಯೇ ಮುಗಿಸಿ ಬರ್ಲಿನ್ನಿಗೆ ಬಂದನು. 1873ರಲ್ಲಿ, ಇನ್ನೂ ಇಪ್ಪತ್ತೇಳರ ತರುಣನಾಗಿದ್ದಾಗಲೇ, ಅಲ್ಲಿನ ಲಾಜರಸ್ ಆಸ್ಪತ್ರೆಯ ಮುಖ್ಯಸ್ಥನಾದನು.

ಅದಕ್ಕೆ ಕೆಲವು ವರ್ಷಗಳ ಹಿಂದೆ, 1867ರಲ್ಲಿ, ಅಮೆರಿಕದ ಜಾನ್ ಬಾಬ್ಸ್ ಪಿತ್ತಕೋಶವನ್ನು ಸೀಳಿ ಕಲ್ಲುಗಳನ್ನು ಹೊರತೆಗೆದಿದ್ದನು. ಆದರೆ ಕೋಶ ಉಳಿದರೆ ಕಲ್ಲು ಮತ್ತೆ ಕಟ್ಟಬಹುದು. ಲಾಂಗನ್‌ಬುಕ್‌ನ ವಾದವೇ ಬೇರೆ: ಕಲ್ಲನ್ನು ಹುಟ್ಟಿಸುವುದು ಕೋಶ, ಆದುದರಿಂದ ಕೋಶವನ್ನೇ ತೆಗೆಯಬೇಕು. ಅದಿಲ್ಲದೆ ಮನುಷ್ಯ ಬದುಕುವನೇ? ಆನೆಗೂ ಕುದುರೆಗೂ ಪಿತ್ತಕೋಶವಿಲ್ಲ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಜಾಂಬೆಕ್ಕಾರಿ ನಾಯಿಯ ಪಿತ್ತಕೋಶವನ್ನು ತೆಗೆದಿದ್ದನು, ನಾಯಿ ಬದುಕಿತ್ತು. ಇಷ್ಟು ಆಧಾರವಿದ್ದರೂ ಆತ ಆತುರಪಡಲಿಲ್ಲ. ವರ್ಷಗಟ್ಟಲೆ ಶವಗಳ ಮೇಲೆ ಕೈ ಪಳಗಿಸಿಕೊಂಡನು.

1882ರ ಜುಲೈ 15ರಂದು ಆ ಗಳಿಗೆ ಬಂದಿತು. ರೋಗಿ 43 ವಯಸ್ಸಿನವನು. ಹದಿನಾರು ವರ್ಷ ನೋವುಂಡು, ಮಾರ್ಫಿನ್ ಔಷಧಿಗೆ ದಾಸನಾಗಿ, ಸೊರಗಿಹೋಗಿದ್ದನು. ಲಾಂಗನ್‌ಬುಕ್ ಆತನ ಪಿತ್ತಕೋಶವನ್ನು ಬೇರ್ಪಡಿಸಿ ತೆಗೆದನು. ಮರುದಿನ ರೋಗಿಗೆ ಜ್ವರವಿರಲಿಲ್ಲ. ಹಾಸಿಗೆಯಲ್ಲೇ ಚುಟ್ಟಾ ಸೇದುತ್ತಿದ್ದನಂತೆ! ಕೆಲವು ವಾರಗಳಲ್ಲಿ ಗುಣಹೊಂದಿ ಮನೆಗೆ ತೆರಳಿದನು. ಕಲ್ಲನ್ನಷ್ಟೇ ತೆಗೆದರೆ ಸಾಕೆನ್ನುವ ವೈದ್ಯರು ಬಹುಕಾಲ ಎದುರು ನಿಂತರು. 1901ರಲ್ಲಿ ಲಾಂಗನ್‌ಬುಕ್ ತೀರಿಕೊಂಡನು. ಆತನ ಮಾರ್ಗವೇ ಕ್ರಮೇಣ ಲೋಕದ ಮಾರ್ಗವಾಯಿತು. 1985ರಲ್ಲಿ ಜರ್ಮನಿಯವನೇ ಆದ ಎರಿಕ್ ಮ್ಯೂಹೆ ಅದೇ ಕಾರ್ಯವನ್ನು ಉದರದರ್ಶಕದ ನೆರವಿನಿಂದ, ಸಣ್ಣ ರಂಧ್ರದ ಮೂಲಕ ನೆರವೇರಿಸಿದನು.

ಆತ ಎತ್ತಿದ ಪ್ರಶ್ನೆಗೆ ಇಂದು ಇನ್ನೊಂದು ಮುಖ ಮೂಡಿದೆ. ಪಿತ್ತಕೋಶದ ಕ್ಯಾನ್ಸರನ್ನು ವಿಯೆನ್ನಾದ ಮಾಕ್ಸಿಮಿಲಿಯನ್ ಸ್ಟಾಲ್ 1777ರಷ್ಟು ಹಿಂದೆಯೇ ವರ್ಣಿಸಿದ್ದನು. ಈ ಕ್ಯಾನ್ಸರ್ ತಗುಲಿದವರಲ್ಲಿ ಬಹುಪಾಲು ಮಂದಿಗೆ ಕಲ್ಲಿರುತ್ತದೆ. ಆದರೆ ಕಲ್ಲಿರುವ ನೂರರಲ್ಲಿ ತೊಂಬತ್ತೇಳು, ತೊಂಬತ್ತೆಂಟು ಮಂದಿಗಾದರೂ ಕ್ಯಾನ್ಸರ್ ಬರುವುದಿಲ್ಲ. ಮೊದಲ ಮಾತನ್ನಷ್ಟೇ ಕೇಳಿದವನು ಹೆದರಿ ಕಂಗೆಡುತ್ತಾನೆ. ಎರಡನೆಯದನ್ನಷ್ಟೇ ಕೇಳಿದವನು ಅಲಕ್ಷಿಸುತ್ತಾನೆ. ಎರಡೂ ನಿಜ, ಎರಡನ್ನೂ ಕೂಡಿಸಿಯೇ ತಿಳಿಯಬೇಕು.

ಹಾಗಾದರೆ ಆ ನೂರರಲ್ಲಿ ಕ್ಯಾನ್ಸರಿಗೆ ಗುರಿಯಾಗುವವರು ಯಾರು? ಸಂಶೋಧಕರು ಅರಸುತ್ತಿರುವುದು ಇದನ್ನೇ. ಮೂರು ಸೆಂಟಿಮೀಟರಿಗೆ ಮೀರಿದ ಕಲ್ಲು, ಬಹುಕಾಲದ ಉರಿಯೂತ, ಕೋಶದಲ್ಲೇ ಉಳಿದುಕೊಂಡ ವಿಷಮಶೀತ ಜ್ವರದ ರೋಗಾಣು, ಇಳಿವಯಸ್ಸು: ಇವು ಅಪಾಯವನ್ನು ಹೆಚ್ಚಿಸುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಹೆಚ್ಚು. ಗಂಗಾ ಬಯಲಿನಲ್ಲಿ ಅಧಿಕ, ನಮ್ಮ ದಕ್ಷಿಣದಲ್ಲಿ ಕಡಿಮೆ. ಇದು ಮೊದಮೊದಲು ಲಕ್ಷಣ ತೋರದು. ಕಲ್ಲಿಗಾಗಿ ತೆಗೆದ ಕೋಶವನ್ನು ಪರೀಕ್ಷಿಸುವಾಗ ಎಷ್ಟೋ ಸಲ ಅನಿರೀಕ್ಷಿತವಾಗಿ ಕಾಣಸಿಗುತ್ತದೆ. ಆದುದರಿಂದ ನೋವು ಕೊಡುವ ಕಲ್ಲಿದ್ದವರಿಗೆ ಶಸ್ತ್ರಚಿಕಿತ್ಸೆಯನ್ನು ಹೇಳುವ ವೈದ್ಯರು, ತೆಪ್ಪಗಿರುವ ಕಲ್ಲಿದ್ದವರೆಲ್ಲರ ಕೋಶವನ್ನೂ ತೆಗೆಯುವುದಿಲ್ಲ. ಅಪಾಯವನ್ನು ತೂಗಿನೋಡಿ ನಿರ್ಧರಿಸುತ್ತಾರೆ.

ಕೋಶವನ್ನು ತೆಗೆಯಬಹುದೆಂಬುದನ್ನು ಲಾಂಗನ್‌ಬುಕ್ ಕಲಿಸಿದನು. ಯಾರದನ್ನು ತೆಗೆಯಬೇಕು, ಯಾರದನ್ನು ಉಳಿಸಬೇಕು ಎಂಬ ವಿವೇಕವನ್ನು ಆತನ ತರುವಾಯದವರು ಇನ್ನೂ ಕಲಿಯುತ್ತಿದ್ದಾರೆ.