ಆಲ್ಬರ್ಟ್ ಕೂನ್ಸ್

ನೆತ್ತರಿನಲ್ಲಿರುವ ಪ್ರತಿಕಾಯಗಳು ರೋಗಾಣುವನ್ನು ಗುರುತಿಸಿ ಹಿಡಿಯುತ್ತವೆ. ಅವು ಸೂಕ್ಷ್ಮದರ್ಶಕದಲ್ಲಿಯೂ ಕಾಣದಷ್ಟು ಸಣ್ಣವು. ಅವುಗಳಿಗೆ ಬೆಳಕಿನ ಗುರುತನ್ನಿತ್ತವರು ಆಲ್ಬರ್ಟ್ ಕೂನ್ಸರು.

ಕೂನ್ಸರು 1912ರಲ್ಲಿ ಅಮೆರಿಕದ ಗ್ಲವರ್ಸ್‌ವಿಲ್‌ನಲ್ಲಿ ಜನಿಸಿದರು. ಕೈಗವಸುಗಳ ತಯಾರಿಕೆಯಿಂದಲೇ ಹೆಸರು ಪಡೆದ ಊರದು. ಹಾರ್ವರ್ಡಿನಲ್ಲಿ ವೈದ್ಯಶಿಕ್ಷಣ ಮುಗಿಸಿ, 1939ರ ಬೇಸಿಗೆಯಲ್ಲಿ ಅವರು ಬರ್ಲಿನ್ನಿನಲ್ಲಿದ್ದರು. ಯುದ್ಧದ ಕಾರ್ಮೋಡ ಕವಿಯುತ್ತಿದ್ದ ಆ ದಿನಗಳಲ್ಲಿ ಅವರನ್ನು ಕಾಡಿದ ಚಿಂತೆಯೇ ಬೇರೆ. ಎಳೆಯರ ಹೃದಯವನ್ನು ಕೆಡಿಸುವ ಸಂಧಿವಾತ ಜ್ವರದಲ್ಲಿ ಹೃದಯದೊಳಗೆ ಸಣ್ಣ ಗಂಟುಗಳೇಳುತ್ತವೆ. ರೋಗಾಣುವಿನ ಅಂಶ ಅಲ್ಲಿ ಅಡಗಿರಬಹುದೆ? ಪ್ರತಿಕಾಯಕ್ಕೆ ಬಣ್ಣ ಅಂಟಿಸಿದರೆ ತಿಳಿದೀತೆಂದು ಅವರಿಗೆ ಹೊಳೆಯಿತು.

ಸಾಧಾರಣ ಬಣ್ಣ ಅಂಟಿಸುವ ಯತ್ನ ಮೊದಲೇ ನಡೆದಿತ್ತು. ಸೂಕ್ಷ್ಮದರ್ಶಕದಲ್ಲಿ ಅದು ತೋರದಷ್ಟು ತೆಳುವಾಗಿತ್ತು. ಆದುದರಿಂದ ಕೂನ್ಸರು ಅತಿನೇರಳೆ ಕಿರಣ ಬಿದ್ದೊಡನೆ ಬೆಳಗುವ ವಸ್ತುವನ್ನು ಆರಿಸಿದರು. ರಸಾಯನವಿಜ್ಞಾನಿಗಳ ನೆರವಿನಿಂದ ಅಂಟಿಸಿದ ಮೊದಲ ವಸ್ತು ನೀಲಿಯಾಗಿ ಬೆಳಗಿತು. ಆದರೇನು, ಪ್ರಾಣಿಯ ಅಂಗಾಂಶವೂ ನೀಲಿಯಾಗಿಯೇ ಬೆಳಗುತ್ತದೆ! ಎದೆಗುಂದದೆ ಅವರು ಹಸುರಾಗಿ ಹೊಳೆಯುವ ಫ್ಲೂರೆಸೀನನ್ನು ಹಿಡಿದರು. 1942ರಲ್ಲಿ, ಸೋಂಕು ತಗಲಿದ ಇಲಿಯ ಅಂಗಾಂಶದಲ್ಲಿ ನ್ಯುಮೋನಿಯಾ ರೋಗಾಣುವಿನ ಅಂಶ ಹಸುರಾಗಿ ಗೋಚರಿಸಿದ ವರದಿ ಪ್ರಕಟವಾಯಿತು.

ಅಷ್ಟರಲ್ಲಿ ಸೇನೆಯ ಕರೆ ಬಂದಿತು. ದಕ್ಷಿಣ ಪೆಸಿಫಿಕ್‌ನಲ್ಲಿ ವರ್ಷಗಳು ಕಳೆದವು. ಯುದ್ಧ ಮುಗಿದ ಬಳಿಕ ಕೂನ್ಸರು ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಪ್ರತಿಕಾಯಗಳು ಪ್ಲಾಸ್ಮಾಕೋಶಗಳಲ್ಲಿ ಹುಟ್ಟುವುದನ್ನು 1955ರಲ್ಲಿ ಇದೇ ವಿಧಾನದಿಂದ ತೋರಿಸಿದರು. 1959ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು. 1978ರಲ್ಲಿ ಅವರು ನಿಧನರಾದರು.

ಒಂದು ಜ್ವರಕ್ಕಾಗಿ ಹುಡುಕಿದ ಸಾಧನ ಬೇರೆ ರೋಗಗಳಿಗೂ ಒದಗಿತು. ಹುಚ್ಚುನಾಯಿ ರೋಗ ಅವುಗಳಲ್ಲೊಂದು. ಬಸವಕಲ್ಯಾಣ, ಹುಮನಾಬಾದ್‌ಗಳಿರುವ ಬೀದರ್ ಜಿಲ್ಲೆಯಲ್ಲಿ ಕೇಂದ್ರಸ್ಥಾನವುಳ್ಳ ಪಶುವೈದ್ಯ ವಿಶ್ವವಿದ್ಯಾಲಯವು ಬೆಂಗಳೂರಿನ ಹೆಬ್ಬಾಳದ ತನ್ನ ಪ್ರಯೋಗಾಲಯದಲ್ಲಿ, ಸತ್ತ ನಾಯಿಯ ಮಿದುಳಿನ ತುಣುಕನ್ನು ಹೀಗೆಯೇ ಪರೀಕ್ಷಿಸುತ್ತದೆ. ಹಸುರು ಹೊಳೆದರೆ ರೋಗವಿದೆಯೆಂದು ಅರ್ಥ.